ನಮ್ಮ ಚರ್ಚಿನ ಹಾಡು ಮತ್ತು ಒಂದು ಫ್ಯಾನು

ದೇವರನ್ನು ಹಾಡಿ ಹೊಗಳಲು ಸ್ವರ್ಗದಲ್ಲಿ ದೇವದೂತರಿದ್ದಾರೆ. ಗಂಗಾವತಿಯ ನಮ್ಮ ಪುಟ್ಟ ಚರ್ಚಿನಲ್ಲಿ ನಾವು ಒಂಬತ್ತು ಮಂದಿ ಇದ್ದೇವೆ. ಹಾರ್ಮೋನಿಯಂ ಬಾರಿಸುವವನು ನಾನು. ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಕೆಮ್ಮಿನ ರಾಗ

ನಮ್ಮದು ಭಜನೆಯ ಪದ್ಧತಿ. ಹಾಡಿನ ಹಾಳೆ ನನ್ನೊಬ್ಬನ ಹತ್ತಿರ. ನಾನು ಒಂದು ಸಾಲು ಹಾಡಬೇಕು, ಉಳಿದ ಎಂಟು ಮಂದಿ ಅದನ್ನೇ ತಿರುಗಿ ಹಾಡಬೇಕು. ಇದರಲ್ಲಿ ನವಲಿಯಿಂದ ಬರುವ ಲಾರಿ ಡ್ರೈವರನಷ್ಟು ನಿಷ್ಠಾವಂತ ಇನ್ನೊಬ್ಬನಿಲ್ಲ. ಒಮ್ಮೆ ತಾಲೀಮಿನಲ್ಲಿ ಸಾಲಿನ ನಡುವೆ ನನಗೆ ಕೆಮ್ಮು ಬಂತು. ಅವನೂ ಅದೇ ಜಾಗದಲ್ಲಿ, ಅದೇ ಶ್ರುತಿಯಲ್ಲಿ ಕೆಮ್ಮಿದ.

"ಯಾಕಪಾ, ಆರಾಮಿಲ್ಲೇನು?"

"ಆರಾಮ ಅದೀನ್ರಿ ಸರ. ಹಾಡಿನಾಗ ಐತಿ ಅಂದ್ಕೊಂಡೆ."

ಭಾನುವಾರ ಪೂಜೆಯಲ್ಲಿ ನಾನು ಕೆಮ್ಮಲಿಲ್ಲ. ಅವನು ಮರೆಯದೆ ಕೆಮ್ಮಿದ.

ಹಾಳೆ ಹಾರಿದ ಮದುವೆ

ಶ್ರೀರಾಮನಗರದ ಹುಡುಗನ ಮದುವೆ. ಫ್ಯಾನ್ ಹಚ್ಚಿದ್ದೇ ತಡ, ನನ್ನ ಹಾಳೆಗಳೆಲ್ಲ ಹಾರಿದವು. ಕೈಗೆ ಸಿಕ್ಕಿದ್ದನ್ನು ಹಿಡಿದು ಹಾಡಲು ಶುರು ಮಾಡಿದೆ. ಅದು ಮಣ್ಣು ಕೊಡುವಾಗಿನ ಹಾಡು! ನಮ್ಮವರಿಗೆ ಅನುಮಾನವೆಂಬುದೇ ಇಲ್ಲ. "ಆತ್ಮಕ್ಕೆ ಶಾಂತಿ ಕೊಡು" ಎಂದು ಮದುಮಗನ ಕಡೆ ನೋಡುತ್ತಾ ಒಕ್ಕೊರಲಿನಿಂದ ಹಾಡಿದರು.

ನಾನು ಹೋಗಿ ಮದುಮಗನ ಅಜ್ಜನ ಕೈ ಹಿಡಿದುಕೊಂಡೆ. ಅಜ್ಜ ಸಮಾಧಾನ ಹೇಳಿದ: "ಛಲೋನ ಆತು ಬಿಡ್ರಿ. ಮದುವಿ ಆದಮ್ಯಾಲ ಶಾಂತಿ ಒಂದಽ ಸಿಗೂದಿಲ್ಲ."

ಫಾದರ್‌ಗೆ ಮಾತ್ರ ಸಮಾಧಾನ ಆಗಲಿಲ್ಲ. "ಮುಂದಿನ ವಾರ ಬಿಷಪ್ ಬರ್ತಾರ. ಫ್ಯಾನ್ ಮುಟ್ಟಬ್ಯಾಡ್ರಿ. ಮತ್ತ ತಪ್ಪಿದ್ರ ನಿಮ್ಮ ಹಾಡು ಬಂದ್, ಮೊಬೈಲಿನಾಗಿನ ಹಾಡು ಸ್ಪೀಕರಿಗೆ ಹಚ್ತೀನಿ."

ಹನ್ನೆರಡು ವರ್ಷದಿಂದ ಬಾರಿಸುತ್ತಿದ್ದೇನೆ. ಆ ವಾರ ನನಗೆ ಊಟ ಸೇರಲಿಲ್ಲ.

ಬಿಷಪ್ ಬಂದರು

ನಮ್ಮೂರಿನ ಏಪ್ರಿಲ್ ಬಿಸಿಲು, ಬಿಷಪ್‌ರ ಮೈಮೇಲೆ ದಪ್ಪನೆಯ ಪೂಜೆಯ ಉಡುಪು. ಎರಡನೆಯ ಹಾಡಿಗೇ ಅವರ ಮುಖ ಕೆಂಪಗಾಗಿ ಬೆವರು ಇಳಿಯತೊಡಗಿತು. ಎಲ್ಲಿ ಬಿದ್ದುಬಿಡುತ್ತಾರೋ ಎಂದು ನನಗೆ ಜೀವವೇ ಹೋದಂತಾಯಿತು. ಹಾಡು ನಿಲ್ಲಿಸುವಂತಿಲ್ಲ. ಸ್ವಿಚ್ಚಿನ ಪಕ್ಕದಲ್ಲಿ ನಮ್ಮ ಹಾಡಿನ ಮಂಡಳಿಯ ನರ್ಸಮ್ಮ ಕಣ್ಣು ಮುಚ್ಚಿ ನಿಂತಿದ್ದಳು. ಅದೇ ರಾಗದಲ್ಲಿ ಹಾಡಿದೆ:

"ಯಕ್ಕಾ, ಫ್ಯಾನ್ ಹಚ್ಚವಾ..."

ಎಂಟು ಮಂದಿ ಭಕ್ತಿಯಿಂದ ಹಾಡಿದರು: "ಯಕ್ಕಾ, ಫ್ಯಾನ್ ಹಚ್ಚವಾ..." ನರ್ಸಮ್ಮನದೇ ಎಲ್ಲರಿಗಿಂತ ದೊಡ್ಡ ದನಿ.

ತಿಳಿಯಲಿ ಎಂದು ಇನ್ನೂ ಜೋರಾಗಿ ಹಾಡಿದೆ. ಈ ಸಲ ಇಡೀ ಚರ್ಚು ಎದ್ದು ನಿಂತು ಹಾಡಿತು. ಫ್ಯಾನ್ ಮಾತ್ರ ಯಾರೂ ಹಚ್ಚಲಿಲ್ಲ. ಕೊನೆಗೆ ಬಿಷಪ್‌ರೇ ಪೀಠದಿಂದ ಇಳಿದು ಬಂದು ಸ್ವಿಚ್ ಒತ್ತಿದರು. ನನ್ನ ಹಾಳೆ ಕಿಟಕಿಯಿಂದ ಆಚೆ ಹೋಯಿತು.

ಪೂಜೆ ಮುಗಿದ ಮೇಲೆ ಫಾದರ್ ಬಿಷಪ್‌ರಿಗೆ ಕೈ ಮುಗಿದು, "ತಪ್ಪಾತ್ರಿ. ಬರೂ ವಾರದಿಂದ ಸ್ಪೀಕರ್ ಹಚ್ತೀನಿ" ಎಂದರು. ನಾನು ಹಾರ್ಮೋನಿಯಂ ಮುಚ್ಚತೊಡಗಿದೆ.

"ಸ್ಪೀಕರ್ ಯಾಕ್ರಿ?" ಎಂದರು ಬಿಷಪ್. "ನಾ ಕುದಿಯಾಕತ್ತಿದ್ದು ಸ್ಪೀಕರಿಗೆ ತಿಳೀತಿತ್ತೇನು?"

ನನ್ನ ಬೆನ್ನ ಹಿಂದೆ ಎಂಟು ಮಂದಿ ರಾಗವಾಗಿ ಎತ್ತಿಕೊಂಡರು: "ತಿಳೀತಿತ್ತೇನು...?"