ಲಿನ್ ತಟ್ಟೆಯ ನಾಲ್ಕನೆಯ ಇಡ್ಲಿ

ಸ್ವಾಮಿ, ಚೀನಾ ದೇಶದ ಬಗ್ಗೆ ಎಷ್ಟು ಓದಿಕೊಂಡರೂ ಸ್ವಂತ ಅಡಿಗೆಮನೆಯಲ್ಲಿ ಮರ್ಯಾದೆ ಸಿಗುವುದಿಲ್ಲ.

ಆ ವರ್ಷ ನುಂಗಂಬಾಕ್ಕಂನ ನಮ್ಮ ಕಂಪನಿ ಮೊಬೈಲುಗಳಿಗೆ ಜಾಹೀರಾತು ಕಳಿಸುವ ತಂತ್ರಾಂಶ ಮಾಡಿತ್ತು. ಅದನ್ನು ಕೊಳ್ಳಬಹುದೇ ಎಂದು ನೋಡಲು ಚೀನಾದ ಗ್ವಾಂಗ್‌ಝೌನಿಂದ ಲಿನ್ ಎಂಬಾಕೆ ಬಂದಿದ್ದಳು. ‘ಚೀನೀ ಗ್ರಾಹಕರ ಜಂಗಮವಾಣೀ ಮನೋಧರ್ಮ’ ಕುರಿತು ಆಕೆಯೆದುರೇ ಉಪನ್ಯಾಸ ಕೊಡುವ ಭಾರ ನನ್ನದು. (ಆಫೀಸಿನಲ್ಲಿ ಯಾರೂ ಚೀನಾ ನೋಡಿರಲಿಲ್ಲ, ಕೈ ಎತ್ತಿದವನು ನಾನೊಬ್ಬನೇ.) ವ್ಯಾಪಾರ ಕುದುರದಿದ್ದರೆ ನಮ್ಮ ವಿಭಾಗಕ್ಕೇ ಬೀಗ ಎಂದು ಬಾಸ್ ಗುರುಚರಣ ಎಚ್ಚರಿಸಿದ್ದರು.

ಉಪನ್ಯಾಸದ ಹಿಂದಿನ ಸಂಜೆ ಲಿನ್‌ಳನ್ನು ಮನೆಗೆ ಕರೆದೆ. ಹೆಂಡತಿಗೆ ಮೊದಲೇ ತರಬೇತಿ ಕೊಟ್ಟೆ.

"ನೋಡೇ ವೃಂದಾ, ಅವರಿಗೆ ನಾಲ್ಕು ಅಂದ್ರೆ ಸಾವು, ಎಂಟು ಅಂದ್ರೆ ಅದೃಷ್ಟ. ಮೊಬೈಲ್ ನಂಬರನ್ನೂ ಹಾಗೇ ಆರಿಸ್ತಾರೆ. ನಾಲ್ಕು ಇಡ್ಲಿ ಹಾಕ್ಬೇಡ."

"ಹಾಗಾದ್ರೆ ಎಂಟು ಹಾಕ್ಲಾ? ಪಾಪ, ಆ ಹುಡುಗಿ ವಾಪಸ್ ವಿಮಾನ ಹತ್ತೋದು ಬೇಡ್ವಾ?"

"ಇದು ಮಾರ್ಕೆಟಿಂಗ್. ನಿಂಗರ್ಥ ಆಗಲ್ಲ."

"ಶರಿ ಶರಿ, ನೀವು ತೇಂಗಾಯಿ ತುರೀರಿ," ಎಂದಳು, ನೆರೆಯವರಿಂದ ಕಲಿತ ತಮಿಳು ಬೆರೆಸಿ.

ಲಿನ್ ಬಂದಳು, ಚಟ್ನಿಗೆ ಮನಸೋತಳು. ಮೂರು ಇಡ್ಲಿ ಮುಗಿಯುತ್ತಿದ್ದಂತೆ ವೃಂದಾ ಇನ್ನೊಂದು ಹಾಕಿದಳು. ನಾನು ಹೌಹಾರಿ, ಅತಿಥಿಯ ತಟ್ಟೆಗೇ ಕೈ ಹಾಕಿ ಅದನ್ನು ಎತ್ತಿಕೊಂಡೆ!

"ಏನ್ರೀ ಇದು, ಎಂಜಲು!" ಎಂದು ವೃಂದಾ ಚೀರಿದಳು.

ನಾನು ಇಂಗ್ಲಿಷಿನಲ್ಲಿ ನಾಲ್ಕರ ಅಪಾಯವನ್ನು ವಿವರಿಸಿದೆ. ಲಿನ್ ನಗುತ್ತಾ ತನ್ನ ಮೊಬೈಲ್ ನಂಬರ್ ತೋರಿಸಿದಳು. ಅದರ ತುಂಬ ನಾಲ್ಕುಗಳೇ!

"ಯಾರಿಗೂ ಬೇಡದ ನಂಬರು, ಸುಲಭವಾಗಿ ಸಿಕ್ಕಿತು. ಅಮ್ಮ ಇನ್ನೂ ಬೈಯುತ್ತಾಳೆ. ಈಗ ಇಡ್ಲಿ ಕೊಡುತ್ತೀರಾ?"

ನನ್ನ ಉಪನ್ಯಾಸದ ಮುಕ್ಕಾಲು ಭಾಗ ಅಲ್ಲೇ ಕುಸಿಯಿತು. ಹೆಂಗಸರಿಬ್ಬರಿಗೆ ಮಾತ್ರ ಇಂಗ್ಲಿಷಿನಲ್ಲೇ ಮಾತು ಮುಗಿಯದು. ಕಂಪನಿಗಳ ಜಾಹೀರಾತು ಸಂದೇಶ ಬಂದರೆ ಓದದೇ ಅಳಿಸುತ್ತೇನೆ, ಗೆಳತಿ ಕಳಿಸಿದ್ದಾದರೆ ಅಂಗಡಿಗೇ ಓಡುತ್ತೇನೆ ಎಂದಳು ಲಿನ್.

"ನಾನೂ ಅಷ್ಟೇ!" ಎಂದಳು ವೃಂದಾ. "ನನ್ನ ಗೆಳತಿ ಊರ್ಮಿಳಾ ಸೀರೆ ಸೇಲ್ ಅಂತ ಮೆಸೇಜ್ ಕೊಟ್ರೆ ಒಲೆ ಆರಿಸಿ ಹೊರಡ್ತೀನಿ. ಜಾಹೀರಾತನ್ನ ಗೆಳತಿಗೆ ಕಳಿಸಿದೋರಿಗೆ ಕಂಪನಿಯೋರು ಏನಾದ್ರೂ ಉಡುಗೊರೆ ಕೊಟ್ರೆ ಆಯ್ತಪ್ಪ."

ಮರುದಿನ ಎಂಟನ್ನೂ ನಾಲ್ಕನ್ನೂ ಕೈಬಿಟ್ಟು, ಹೆಂಡತಿಯ ಮಾತನ್ನೇ ಗಂಭೀರ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಲಿನ್ ಒಪ್ಪಂದಕ್ಕೆ ಸಹಿ ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಲ್ಲಿಂದಪ್ಪಾ ಹೊಳೀತು ಇದು?" ಎಂದರು ಗುರುಚರಣ.

"ದೀರ್ಘ ಅಧ್ಯಯನ, ಸರ್," ಎನ್ನುವಷ್ಟರಲ್ಲಿ ಲಿನ್, "ಈ ಉಪಾಯ ಕೊಟ್ಟ ಮಿಸೆಸ್ ವೃಂದಾಗೆ ನನ್ನ ಧನ್ಯವಾದ ತಿಳಿಸಿ," ಎಂದುಬಿಟ್ಟಳು.

ಮನೆಗೆ ಹೋಗುವಾಗ ಮಲ್ಲಿಗೆ ಕೊಂಡೆ. ಸುಳ್ಳೇಕೆ, ನನ್ನ ಕೆಲಸ ಉಳಿಸಿದವಳ ಮೇಲೆ ಪ್ರೀತಿ ಉಕ್ಕಿ ಬಂದಿತ್ತು. ಹೂವು ಕೊಡುವ ಹೊತ್ತಿಗೆ ಸರಿಯಾಗಿ ಬಾಸ್ ಫೋನು.

"ಮುರಳೀ, ಮುಂದಿನ ತಿಂಗಳು ಗ್ವಾಂಗ್‌ಝೌನಲ್ಲಿ ಒಂದು ಉಪನ್ಯಾಸ ಇದೆ."

"ಸಂತೋಷ ಸರ್! ನಾನು ತಯಾರಿ ಮಾಡ್ಕೋತೀನಿ."

"ಮಾಡ್ಕೋ ಮಾಡ್ಕೋ. ವೃಂದಾ ಮೇಡಂ ಮಾತಾಡ್ತಾರೆ, ನೀನು ಪ್ರೊಜೆಕ್ಟರ್ ನೋಡ್ಕೋ. ಎಲ್ಲಿ, ಫೋನ್ ಅವರಿಗೆ ಕೊಡು."