ಅಪ್ಪನ ಏಳು ತಿಂಗಳ ಗಡುವು

ನಮ್ಮಪ್ಪನಿಗೆ ಅರವತ್ತೈದು ತುಂಬುತ್ತದೆ ಎನ್ನುವುದು ಮಗಳಾದ ನನಗಿಂತ ಮೊದಲು ನೆನಪಾದದ್ದು ವಿಮೆ ಕಂಪನಿಗಳಿಗೆ. ಜನವರಿಯಲ್ಲಿ, ಅಮೆರಿಕದ ಡುಲೂತ್‌ನಲ್ಲಿ ಊರಿಗೆ ಊರೇ ಮೂಗು ಮುಚ್ಚಿಕೊಂಡು ಓಡಾಡುವ ಚಳಿಯಲ್ಲಿ, ಅವನ ಅಂಚೆಪೆಟ್ಟಿಗೆಯ ಬಾಯಿ ಮುಚ್ಚಲಾಗದಷ್ಟು ಲಕೋಟೆಗಳು ಬಂದು ಬಿದ್ದವು. ಪ್ರತಿಯೊಂದರ ಮೇಲೂ ‘ತುರ್ತು’, ‘ಕೊನೆಯ ಎಚ್ಚರಿಕೆ’ ಎಂಬ ಕೆಂಪಕ್ಷರ. ಒಳಗೆ ನೋಡಿದರೆ ಮುತ್ತಿನಂಥ ಹಲ್ಲಿನ ಮುದುಕ ಮುದುಕಿಯರು ಸೈಕಲ್ ಹೊಡೆಯುತ್ತಾ ನಗುತ್ತಿದ್ದರು. ಅಪ್ಪ ಅವರನ್ನೆಲ್ಲ ಸೈಕಲ್ ಸಮೇತ ಸೌದೆ ಒಲೆಗೆ ಹಾಕಿದ.

ಅದನ್ನು ಕಂಡು, ಇನ್ನು ನಾನೇ ನೋಡಿಕೊಳ್ಳಬೇಕು ಎಂದುಕೊಂಡೆ. ನಮ್ಮಪ್ಪ ವರ್ಲಿನ್ ಹೌಗೆನ್ ನಲವತ್ತು ವರ್ಷದಿಂದ ಪಿಯಾನೋಗಳಿಗೆ ಶ್ರುತಿ ಮಾಡುವವನು. ಸ್ವಂತ ಕಸುಬು. ‘ಸಾರ್, ನಿಮಗೆ ವಯಸ್ಸಾಯಿತು, ಇಲ್ಲೊಂದು ಸಹಿ ಹಾಕಿ’ ಎಂದು ನೆನಪಿಸಲು ಗುಮಾಸ್ತನಿಲ್ಲ. ಇರುವುದು ಚರ್ಚುಗಳ ನೆಲಮಾಳಿಗೆಯಲ್ಲಿ ಪಿಯಾನೋ ಮುಂದೆ ಕೂತು ಎದ್ದು ಸವೆದ ಒಂದು ಬಲ ಮಂಡಿ. ಅವನು ತಾನೇ ಕೊಂಡಿದ್ದ ಅಗ್ಗದ ವಿಮೆ ಮಂಡಿಯ ಮಾತೆತ್ತಿದರೆ ಮುಖ ತಿರುಗಿಸುತ್ತಿತ್ತು. ಅರವತ್ತೈದು ತುಂಬಿದವರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆ ಬಂದರೆ ಮಂಡಿಗೆ ಚಿಕಿತ್ಸೆ, ಮಂಡಿ ಸರಿಹೋದರೆ ಕೆಲಸ ಬಿಟ್ಟು ಮೀನು ಹಿಡಿಯುವ ನಿವೃತ್ತಿ. ಹೆಸರು ಬರೆಸುವ ಅವಧಿ ತಪ್ಪಿತೋ, ಮುಂದಿನ ಜನವರಿಯವರೆಗೆ ಆ ಮಂಡಿ ಕಿರುಗುಟ್ಟುತ್ತಲೇ ಇರಬೇಕು. ತೀರಾ ತಡವಾದರೆ ದಂಡ, ಅದೂ ಮೆಡಿಕೇರ್ ಇರುವಷ್ಟು ಕಾಲವೂ. (ಬ್ಯಾಂಕು ದೋಚಿದವನನ್ನಾದರೂ ಸನ್ನಡತೆಯ ಮೇಲೆ ಬೇಗ ಬಿಡುತ್ತಾರೆ.)

ಮನೆಯಲ್ಲಿ ಓದು ಬರಹ ಬಲ್ಲವಳು ನಾನೊಬ್ಬಳೇ ಎಂಬುದು ನನ್ನ ಬಹುಕಾಲದ ನಂಬಿಕೆ. ಕೌಂಟಿ ಗ್ರಂಥಾಲಯದಲ್ಲಿ ನನಗೆ ಕೆಲಸ. ದಿನಚರಿ ಬರೆಯುತ್ತೇನೆ, ಹಾಲು ತೀರುವ ದಿನವನ್ನೂ ಗುರುತು ಹಾಕುತ್ತೇನೆ. ನಾಲ್ಕು ತಿಂಗಳ ಬಸುರಿಯಾಗಿದ್ದರೂ ಸೊಂಟ ಕಟ್ಟಿ ಮೆಡಿಕೇರ್ ಪುಸ್ತಿಕೆಯನ್ನು ಓದಲು ಕೂತೆ. ಮೊದಲ ಅವಧಿ, ಸಾಮಾನ್ಯ ಅವಧಿ, ವಿಶೇಷ ಅವಧಿ. ಇವುಗಳ ಮೇಲೆ ಶರತ್ಕಾಲಕ್ಕೊಂದು ‘ಮುಕ್ತ ಅವಧಿ’. ಆದರೆ ಇನ್ನೂ ಸೇರದೇ ಇರುವವರಿಗೆ ಆ ಮುಕ್ತ ಅವಧಿಯಲ್ಲಿ ಬಾಗಿಲು ಮುಚ್ಚಿರುತ್ತದೆ. ಮದುವೆಗೆ ಮುಹೂರ್ತ ಇಡುವವರೂ ಇಷ್ಟು ಸತಾಯಿಸಲಾರರು. ಅಂತೂ ಸಾರ ಹಿಂಡಿ ತೆಗೆದೆ: ಹುಟ್ಟಿದ ತಿಂಗಳು, ಅದರ ಹಿಂದೆ ಮೂರು, ಮುಂದೆ ಮೂರು, ಒಟ್ಟು ಏಳು. ಅಪ್ಪ ಹುಟ್ಟಿದ್ದು ಜುಲೈ ಒಂದಕ್ಕೆ. ಆದ್ದರಿಂದ ಏಪ್ರಿಲ್‌ನಿಂದ ಅಕ್ಟೋಬರ್. ಹಸಿರು, ಹಳದಿ, ಕೆಂಪು ಬಣ್ಣ ಬಳಿದು ಪಟ್ಟಿಯೊಂದನ್ನು ಮಾಡಿ, ಏಪ್ರಿಲ್‌ನ ಮೊದಲ ಗುರುವಾರ ಅದನ್ನೂ ಒಂದು ಪಾತ್ರೆ ಹಾಟ್‌ಡಿಶ್ಶನ್ನೂ ಹೊತ್ತು ಅಪ್ಪನ ಮನೆಗೆ ಹೋದೆ. (ಆಲೂಗಡ್ಡೆ, ಮಾಂಸ, ಅಣಬೆ ಸಾರು ಎಲ್ಲ ಸುರಿದು ಒಲೆಯಲ್ಲಿ ಬೇಯಿಸಿದ್ದು. ಹೊಟ್ಟೆ ತುಂಬಿದವರಿಗೆ ಬುದ್ಧಿ ಹೇಳುವುದು ಸುಲಭ.)

ಪಟ್ಟಿಯನ್ನು ಅವನ ಫ್ರಿಜ್‌ಗೆ ಅಂಟಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿದ.

“ಮಾರಿಟ್, ಇದು ನಾನು ಆಗ್ಲೇ...”

“ಅಪ್ಪಾ, ಮೊದಲು ಕೇಳು. ಈ ಹಸಿರು ಇದೆಯಲ್ಲ, ಇಲ್ಲಿ ಅರ್ಜಿ ಹಾಕಿದ್ರೆ ಹುಟ್ಟುಹಬ್ಬದ ತಿಂಗಳಿಂದಲೇ ವಿಮೆ ಶುರು.”

“ಹೌದು. ಅದನ್ನೇ ನಾನು...”

“ಮೊದಲು ಕೇಳು ಅಂದೆನಲ್ಲ. ಆಮೇಲೆ ‘ಎ’ ಭಾಗ ಅಂತ ಒಂದು, ‘ಬಿ’ ಭಾಗ ಅಂತ ಒಂದು. ‘ಎ’ ಅಂದ್ರೆ ಆಸ್ಪತ್ರೆಗೆ, ‘ಬಿ’ ಅಂದ್ರೆ ಡಾಕ್ಟರಿಗೆ.”

“ಡಾಕ್ಟರು ಆಸ್ಪತ್ರೇಲಿ ಇರಲ್ವಾ?”

“ತಮಾಷೆ ಬೇಡ ಅಪ್ಪಾ.”

ಅವನು ಎರಡನೇ ಸಲ ಬಡಿಸಿಕೊಂಡ. ನಮ್ಮ ಕಡೆಯ ಗಂಡಸರು ವಾದ ಮಾಡುವುದಿಲ್ಲ, ಕಾಫಿ ಕುಡಿಯುತ್ತಾರೆ.

ಹೀಗೆ ಪ್ರತಿ ಗುರುವಾರ ಒಂದು ಪಾತ್ರೆ, ಒಂದು ಉಪನ್ಯಾಸ. ಏಪ್ರಿಲ್ ಹೋಯಿತು, ಜುಲೈ ಬಂತು. “ಅರ್ಜಿ ಹಾಕಿದೆಯಾ?” ಎಂದು ನಾನು ಒಮ್ಮೆಯೂ ಕೇಳಲಿಲ್ಲ, ಹಾಕಿಲ್ಲ ಎನ್ನುವುದು ಅವನ ಮುಖದ ಮೇಲೇ ಬರೆದಿತ್ತು. ಒಂದು ವಿಚಿತ್ರ ಮಾತ್ರ ಕಣ್ಣಿಗೆ ಬಿತ್ತು: ಅಪ್ಪ ಮೆಟ್ಟಿಲು ಹತ್ತುವಾಗ ಈಗ ನರಳುತ್ತಿರಲಿಲ್ಲ. ನನ್ನ ಅಡುಗೆಯ ಮಹಿಮೆ ಎಂದು ಆ ದಿನದ ದಿನಚರಿಯಲ್ಲಿ ಬರೆದುಕೊಂಡೆ.

ಆಗಸ್ಟ್ ಇಪ್ಪತ್ತಕ್ಕೆ ನನ್ನ ಮಗಳು ಸಿಗ್ನೆ ಹುಟ್ಟಿದಳು. ಅವಳ ಅಂಗೈ ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದನ್ನು ನೋಡುತ್ತಾ ಕೂತರೆ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯಿಂದ ಹೊರಡುವಾಗ ಕೈಗಿತ್ತ ನೀಲಿ ಫೋಲ್ಡರನ್ನು ನನ್ನ ಗಂಡ ಡೆವಿನ್ ಎತ್ತಿ ತೋರಿಸಿದ.

“ಇದರಲ್ಲಿ ಏನೋ ಕಾಗದ ಇದೆ. ನೋಡ್ತೀಯಾ?”

“ಡಯಾಪರ್ ಚೀಲದಲ್ಲಿ ಹಾಕಿಡು. ಅಪ್ಪನ ಗಡುವು ಒಂದು ಮುಗೀಲಿ, ಆಮೇಲೆ ನೋಡೋಣ.”

“ಸರಿ ಬಿಡು. ಮನೆಯ ವಿಮಾ ಮಂತ್ರಿ ನೀನು” ಎಂದು ಅವನು ಫೋಲ್ಡರನ್ನು ಚೀಲದ ತಳಕ್ಕೆ ತುರುಕಿದ. ಮಂತ್ರಿ ಎಂದದ್ದು ನನಗೆ ಹಿತವಾಗಿಯೇ ಇತ್ತು.

ಸೆಪ್ಟೆಂಬರ್ ಹತ್ತೊಂಬತ್ತು, ಗುರುವಾರ. ನನ್ನ ಪಟ್ಟಿಯ ಪ್ರಕಾರ ಇನ್ನು ಆರು ವಾರ. ಮಧ್ಯಾಹ್ನ ಮಗುವನ್ನು ಎದೆಗೆ ಕಟ್ಟಿಕೊಂಡು, ಪಟ್ಟಿಯನ್ನು ಫ್ರಿಜ್‌ನಿಂದ ಕಿತ್ತು, ಅಪ್ಪನನ್ನು ಕಾರಿಗೆ ಹತ್ತಿಸಿದೆ.

“ಎಲ್ಲಿಗೆ?”

“ಸಾಮಾಜಿಕ ಭದ್ರತೆ ಕಚೇರಿಗೆ. ಇವತ್ತು ಮೆಡಿಕೇರ್‌ಗೆ ನಿನ್ನ ಹೆಸರು ಬರೆಸದೆ ನಾನು ಮನೆಗೆ ಬರಲ್ಲ.”

“ಮಾರಿಟ್, ಒಂದ್ನಿಮಿಷ...”

“ಬೆಲ್ಟ್ ಹಾಕಿಕೋ ಅಪ್ಪಾ.”

ಕೌಂಟರಿನಲ್ಲಿ ಬೆಳ್ಳಿಕೂದಲಿನ ಹೆಂಗಸೊಬ್ಬಳು ಕೂತಿದ್ದಳು. ನಾನು ಪಟ್ಟಿಯನ್ನು ಅವಳ ಮುಂದೆ ಹಾಸಿ, ನಮ್ಮ ತಂದೆ ಸ್ವಲ್ಪ ಉದಾಸೀನದ ಮನುಷ್ಯ, ದಯವಿಟ್ಟು ಕ್ಷಮಿಸಬೇಕು ಎಂದು ಪೀಠಿಕೆ ಹಾಕಿದೆ. ಅವಳು ಅಪ್ಪನ ಸಾಮಾಜಿಕ ಭದ್ರತೆ ಸಂಖ್ಯೆ ಕೇಳಿ ಕಂಪ್ಯೂಟರ್ ನೋಡಿದಳು.

“ಇವ್ರು ಮಾರ್ಚ್ ನಾಲ್ಕಕ್ಕೇ ಅರ್ಜಿ ಹಾಕಿದಾರಲ್ಲಮ್ಮ. ಜೂನ್ ಒಂದರಿಂದ ವಿಮೆ ನಡೀತಾ ಇದೆ.”

“ಮಾರ್ಚಾ? ಸಾಧ್ಯನೇ ಇಲ್ಲ. ಅವಧಿ ಶುರುವಾಗೋದೇ ಏಪ್ರಿಲ್‌ಗೆ” ಎಂದು ನಾನು ಸರ್ಕಾರಕ್ಕೆ ಸರ್ಕಾರದ ನಿಯಮ ತಿಳಿಸಿದೆ.

“ಬೇರೆಯವ್ರಿಗೆ ಹಾಗೆ. ಒಂದನೇ ತಾರೀಖು ಹುಟ್ಟಿದವ್ರಿಗೆ ಎಲ್ಲಾ ಒಂದು ತಿಂಗಳು ಹಿಂದಕ್ಕೆ ಹೋಗತ್ತೆ. ಇವ್ರಿಗೆ ಕೊನೇ ದಿನ ಸೆಪ್ಟೆಂಬರ್ ಮೂವತ್ತು.” ಅವಳ ಬೆರಳು ನನ್ನ ಪಟ್ಟಿಯಲ್ಲಿ ಕೆಂಪು ವೃತ್ತ ಸುತ್ತಿದ್ದ ಅಕ್ಟೋಬರ್ ಮೂವತ್ತೊಂದರ ಮೇಲೆ ನಿಂತಿತು. “ಇದನ್ನ ಯಾರು ಮಾಡಿದ್ದು?”

“ನಮ್ಮ ಮನೇಲಿ ಒಬ್ರು ತಜ್ಞರಿದಾರೆ” ಅಂದ ಅಪ್ಪ.

ನಾನು ಅವನ ಕಡೆ ತಿರುಗಿದೆ. “ನಿನಗೆ ಯಾರು ಹೇಳಿದ್ರು?”

“ಚರ್ಚಿನ ಪಿಯಾನೋ ರಿಪೇರಿ ಮಾಡ್ತಿದ್ದಾಗ ಪಕ್ಕದ ಕೋಣೇಲಿ ಹಿರಿಯರಿಗೆ ಯಾರೋ ಪಾಠ ಮಾಡ್ತಿದ್ರು. ಕೇಳಿಸ್ಕೊಂಡೆ. ನಲವತ್ತು ವರ್ಷದಿಂದ ಕೇಳೋದೇ ನನ್ನ ಕಸುಬಲ್ವಾ?”

“ಹಾಗಾದ್ರೆ ಮಂಡಿ?”

“ಜೂನ್‌ನಿಂದ ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಹೋಗ್ತಿದೀನಿ, ಆ ವಿಮೇಲೇ. ಎಷ್ಟೋ ವಾಸಿ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಾಯಿ ತೆಗೆದಾಗೆಲ್ಲ ನೀನು ‘ಮೊದಲು ಕೇಳು’ ಅಂದೆ. ನಾನು ಕೇಳಿದೆ.” ಅಪ್ಪ ಟೋಪಿಯನ್ನು ಕೈಯಲ್ಲಿ ತಿರುವಿದ. “ಆಮೇಲೆ, ಗುರುವಾರ ಗುರುವಾರ ನೀನು ಬರ್ತಿದ್ದೆ. ಊಟಾನೂ ಬರ್ತಿತ್ತು. ನಿಲ್ಲಿಸೋದು ಯಾಕೆ ಅನ್ನಿಸ್ತು.”

ಕೋಪ ಮಾಡಿಕೊಳ್ಳೋಣವೆಂದರೆ ಕೋಪವೇ ಬರಲಿಲ್ಲ. ಅದನ್ನು ಮರೆಸಲು ಕೌಂಟರಿನವಳಿಗೆ, “ಏನೇ ಆದ್ರೂ ಈ ಗಡುವುಗಳ ವಿಷಯದಲ್ಲಿ ಒಬ್ಬರಾದ್ರೂ ಎಚ್ಚರವಾಗಿರಬೇಕು ನೋಡಿ” ಎಂದೆ.

“ನಿಜ” ಎಂದು ಅವಳು ಸಿಗ್ನೆಯ ಕಡೆ ಬಗ್ಗಿದಳು. “ಎಷ್ಟು ದಿನ ಆಯ್ತು ಪುಟ್ಟಮ್ಮನಿಗೆ?”

“ಇವತ್ತಿಗೆ ಸರಿಯಾಗಿ ಮೂವತ್ತು.”

“ವಿಮೆಗೆ ಸೇರಿಸಿದೀರಿ ತಾನೇ? ಕೆಲಸದ ಕಡೆಯಿಂದ ವಿಮೆ ಇದ್ರೆ ಹುಟ್ಟಿದ ಮಗೂಗೆ ಸಾಮಾನ್ಯವಾಗಿ ಮೂವತ್ತು ದಿನ ಕೊಡ್ತಾರೆ.”

“ಅಪ್ಪಾ, ಡಯಾಪರ್ ಚೀಲ! ನೀಲಿ ಫೋಲ್ಡರು!” ಎಂದೆ. ಅಪ್ಪ ಚೀಲದೊಳಗೆ ಕೈ ಹಾಕಿ, ಡಯಾಪರ್‌ಗಳನ್ನು, ಒದ್ದೆ ಬಟ್ಟೆಗಳನ್ನು, ನಾಲ್ಕು ದಿನದ ಹಿಂದಿನ ಬಿಸ್ಕತ್ತನ್ನು ದಾಟಿ ತಳದಿಂದ ನೀಲಿ ಫೋಲ್ಡರನ್ನು ಎಳೆದ. ಮೇಲಿನ ಕಾಗದದಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ: ಮೂವತ್ತು ದಿನದೊಳಗೆ ನಿಮ್ಮ ಸಿಬ್ಬಂದಿ ಕಚೇರಿಗೆ ತಿಳಿಸಿ.

ಗ್ರಂಥಾಲಯದ ಸಿಬ್ಬಂದಿ ಕಚೇರಿ ಮುಚ್ಚುವುದು ನಾಲ್ಕಕ್ಕೆ. ಆಗ ಮೂರೂ ಇಪ್ಪತ್ತು. ಅಲ್ಲಿಂದ ಕಾರು ಹೊಡೆದವನು ಅಪ್ಪ. ಗ್ರಂಥಾಲಯದ ಮೆಟ್ಟಿಲನ್ನು ಅವನು ಎರಡೆರಡಾಗಿ ಹತ್ತಿದ, ನಾನು ಹಿಂದೆ ಏದುಸಿರು ಬಿಡುತ್ತಾ ಹತ್ತಿದೆ. ಅವನು ಸಿಗ್ನೆಯನ್ನು ಎತ್ತಿಕೊಂಡು ತಂತಿಯ ಶ್ರುತಿಯಂತೆ ಒಂದೇ ಸ್ವರ ಗುನುಗುತ್ತಿದ್ದ. ನಾನು ಅವನ ಪೆನ್ಸಿಲ್ ಕಸಿದು ಅರ್ಜಿ ತುಂಬಲು ಹೋಗಿ, ಪೆನ್ನಿನಲ್ಲೇ ಬರೆಯಬೇಕೆಂದು ಬೈಸಿಕೊಂಡೆ. ಮೂರೂ ಐವತ್ತೆರಡಕ್ಕೆ ಮುದ್ರೆ ಬಿತ್ತು. ಮಗಳು ವಿಮೆಗೆ ಸೇರಿದಳು.

ಮುಂದಿನ ಗುರುವಾರ ಅಪ್ಪನೇ ನಮ್ಮ ಮನೆಗೆ ಬಂದ. ಕೈಯಲ್ಲಿ ಪಾತ್ರೆ, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಹಾಟ್‌ಡಿಶ್ ನಡುಭಾಗದಲ್ಲಿ ಬೆಂದಿರಲಿಲ್ಲ. ಕಾಗದವನ್ನು ನಮ್ಮ ಫ್ರಿಜ್‌ಗೆ ಅಂಟಿಸಿದ. ಹಸಿರು, ಹಳದಿ, ಕೆಂಪು. ಕೊನೆಯ ಚೌಕದಲ್ಲಿ ಹೀಗಿತ್ತು: ‘ಆಗಸ್ಟ್ 2050. ಸಿಗ್ನೆಗೆ ಇಪ್ಪತ್ತಾರು. ಅಮ್ಮನ ವಿಮೆಯಿಂದ ಹೊರಗೆ.’

“ಅಪ್ಪಾ, ಇದು ನನಗೆ ಗೊತ್ತು...”

“ಮೊದಲು ಕೇಳು” ಅಂದ ಅಪ್ಪ. ಡೆವಿನ್ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ.