ಕನ್ನಡಿಯೊಳಗೆ ಮನುಷ್ಯರು ಇರಕೂಡದು

"ಒಂದೇ ತಿಂಗಳು! ಈ ಕನ್ನಡಿಗಳನ್ನೆಲ್ಲ ಮಾರಿ ಹಾಲ್ ಖಾಲಿ ಮಾಡಿ ತೋರಿಸ್ತೀನಿ. ಬೀದಿ ಅಂಗಡಿ ಮುಚ್ಚಿದ್ರೇನಾಯ್ತು? ಇನ್ಮೇಲೆ ಲೋಕವೇ ನನ್ನ ಅಂಗಡಿ!" ಎಂದು ಹೆಂಡತಿಗೆ ಫೋನಿನಲ್ಲಿ ಘೋಷಿಸಿದೆ.

ಅವಳಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ, ದೂರದ ಊರಿನಲ್ಲಿ ಒಂದು ರೂಮು ಹಿಡಿದಿದ್ದಾಳೆ. "ಹೇಗೂ ಅಂಗಡಿ ಮುಚ್ಚಿದೀರಲ್ಲ, ನೀವೂ ಬನ್ನಿ" ಎಂದು ಕರೆದಿದ್ದಳು. ಫೋಟೋಗೆ, ಕನ್ನಡಿಗೆ ಕಟ್ಟು ಹಾಕುವ ಅಂಗಡಿಯ ಯಜಮಾನ ನಾನು. ಹೆಂಡತಿಯ ರೂಮಿನಲ್ಲಿ ಕೆಲಸವಿಲ್ಲದೆ ಕೂರುವುದೇ? "ಬಿಸಿನೆಸ್ ಇದೆ ಕಣೇ" ಎಂದುಬಿಟ್ಟೆ.

ಬಿಸಿನೆಸ್ ಎಂದರೆ ಅಂಗಡಿಯಿಂದ ಹೊತ್ತು ತಂದ ಹನ್ನೆರಡು ಕನ್ನಡಿಗಳು. ಹಾಲಿನ ಗೋಡೆಗೆ ಒರಗಿ ನಿಂತಿವೆ. ನಾನು ಟೀ ಮಾಡಲು ಎದ್ದರೆ ಹನ್ನೆರಡು ಜನ ಏಳುತ್ತಾರೆ. ಒಬ್ಬನೂ ಪಾತ್ರೆ ತೊಳೆಯುವುದಿಲ್ಲ. ಹೋಗಲಿ, ಒಬ್ಬನಾದರೂ ಮಾತಾಡಬೇಕಲ್ಲ!

ಆನ್‌ಲೈನ್ ಮಾರುಕಟ್ಟೆಯಲ್ಲಿ ಅಂಗಡಿ ತೆರೆದೆ. ಕನ್ನಡಿಯ ಫೋಟೋ ಏರಿಸಿದೆ. ಕೆಳಗೆ ಬರೆದೆ: "ಈ ಕನ್ನಡಿ ಎಂದೂ ಸುಳ್ಳು ಹೇಳುವುದಿಲ್ಲ. ಬೇಕೆಂದವರ ಮನೆಗೆ ನಾನೇ ಬಂದು ಗೋಡೆಗೆ ಹಾಕಿಕೊಡುತ್ತೇನೆ." ಸಂಜೆ ಹೆಂಡತಿಯ ಫೋನು.

"ರೀ, ಆ ತೂತು ಬನಿಯನ್ ಬಿಸಾಕಿ ಅಂದಿರ್ಲಿಲ್ವಾ?"

"ನಿನಗೆ ಹೇಗೆ ಗೊತ್ತು?"

"ಕನ್ನಡಿ ಒಳಗೆ ನಿಂತಿದೀರಲ್ಲ, ಲೋಕವೆಲ್ಲ ನೋಡ್ತಿದೆ!"

ಲೋಕಕ್ಕಿಂತ ಮೊದಲು ಮಾರುಕಟ್ಟೆಯವರು ನೋಡಿದ್ದರು. ಮೊದಲ ಎಚ್ಚರಿಕೆ ಬಂತು: "ಚಿತ್ರದಲ್ಲಿ ಒಬ್ಬ ವ್ಯಕ್ತಿ ಕಂಡುಬಂದಿದ್ದಾರೆ. ಇದು ನಿಯಮಬಾಹಿರ."

ಸರಿ, ಸೋಫಾದ ಹಿಂದೆ ಅಡಗಿ ಕೈ ಮಾತ್ರ ಎತ್ತಿ ಕ್ಲಿಕ್ಕಿಸಿದೆ. ಕೈಯ ಪಕ್ಕದಲ್ಲಿ ನನ್ನ ಬೋಳುತಲೆಯೂ ಉದಯಿಸಿತ್ತು! ಎರಡನೇ ಎಚ್ಚರಿಕೆ: "ವ್ಯಕ್ತಿಯ ಭಾಗಗಳು ಕಂಡುಬಂದಿವೆ. ಜೊತೆಗೆ, ವಸ್ತುವು ಸುಳ್ಳು ಹೇಳುವುದಿಲ್ಲ ಎಂಬುದಕ್ಕೆ ಪ್ರಮಾಣಪತ್ರ ಲಗತ್ತಿಸಿ. ಇನ್ನೊಂದು ತಪ್ಪಾದರೆ ಅಂಗಡಿ ಶಾಶ್ವತವಾಗಿ ಬಂದ್."

"ಅವರ ನಿಯಮವೇ ಸರಿಯಿಲ್ಲ" ಎಂದೆ ಹೆಂಡತಿಗೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು.

ಮರುದಿನ ಮಧ್ಯಾಹ್ನ ಮಾರುಕಟ್ಟೆಯವರ ಸಹಾಯವಾಣಿಗೆ ಫೋನು ಹಚ್ಚಿದೆ. ಒಬ್ಬಳು ಹುಡುಗಿ ಎತ್ತಿದಳು.

"ಕನ್ನಡಿ ಇರೋದೇ ಮನುಷ್ಯರನ್ನ ತೋರಿಸೋಕೆ ಅಲ್ವೇನಮ್ಮಾ?"

"ನಿಮ್ಮ ಅನಿಸಿಕೆಗೆ ಧನ್ಯವಾದ ಸರ್. ಪಕ್ಕಕ್ಕೆ ಸರಿದು, ಓರೆಯಾಗಿ ತೆಗೀರಿ. ಬೇರೆ ಏನಾದ್ರೂ ತಿಳ್ಕೋಬೇಕಾ?"

ಬೆಳಗ್ಗಿನಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಫೋನು ಇಡಲು ಮನಸ್ಸಾಗಲಿಲ್ಲ. "ಊಟ ಆಯ್ತೇನಮ್ಮಾ?" ಎಂದೆ.

"ಆ ಮಾಹಿತಿ ಲಭ್ಯವಿಲ್ಲ ಸರ್."

ಓರೆಯಾಗಿ ತೆಗೆದೆ. "ಅಭಿನಂದನೆ! ನಿಮ್ಮ ಚಿತ್ರ ನಿಯಮಬದ್ಧವಾಗಿದೆ" ಎಂದು ಉತ್ತರ ಬಂತು. ಗೆದ್ದೆ ಎಂದು ಚಿತ್ರ ದೊಡ್ಡದು ಮಾಡಿ ನೋಡಿದೆ. ಕನ್ನಡಿಯೊಳಗೆ ನಮ್ಮ ಊಟದ ಮೇಜು, ಎರಡು ಕುರ್ಚಿ, ಒಂದು ತಟ್ಟೆ. ಯಾರೂ ಇಲ್ಲ. ನಿಯಮ ಸಂಪೂರ್ಣ ಪಾಲನೆಯಾಗಿತ್ತು. ಆ ರಾತ್ರಿ ಅಡುಗೆ ಮಾಡಲಿಲ್ಲ.

ಮರುದಿನವೇ ಆರ್ಡರ್ ಬಂತು! ವಿಳಾಸ ನೋಡಿದರೆ ಹೆಂಡತಿಯ ರೂಮು.

"ಏನೇ ಇದು? ಕೇಳಿದ್ರೆ ಕಳಿಸ್ತಿರ್ಲಿಲ್ವಾ?"

"ಕಳಿಸೋದು ಬೇಡ. ನಾನೇ ಬಂದು ಗೋಡೆಗೆ ಹಾಕಿಕೊಡ್ತೀನಿ ಅಂತ ಬರೆದಿದೀರಲ್ಲ? ಬರದಿದ್ರೆ ದೂರು ಕೊಡ್ತೀನಿ. ಮೂರನೇ ಎಚ್ಚರಿಕೆ!"

ಗಿರಾಕಿಯೇ ದೇವರು! ಬನಿಯನ್ ಬದಲಿಸಿ, ಕನ್ನಡಿಗೆ ಕಂಬಳಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಹೋದೆ. ಮೊಳೆ ಹೊಡೆದೆ, ನೇತುಹಾಕಿದೆ. ಅವಳು ಬಂದು ನನ್ನ ಪಕ್ಕ ನಿಂತು ನೋಡಿದಳು.

"ಸೊರಗಿದೀರಿ" ಎಂದಳು.

"ಕನ್ನಡಿ ಹಾಗೆ ತೋರಿಸುತ್ತೆ."

"ಸುಳ್ಳು ಹೇಳಲ್ಲ ಅಂತ ಬರೆದೋರು ಯಾರು?"

ಕನ್ನಡಿಯಲ್ಲಿ ಕಂಡ ನಮ್ಮಿಬ್ಬರ ಫೋಟೋ ತೆಗೆದು ನನಗೂ ಕಳಿಸಿದಳು. ಎರಡು ದಿನ ಹೊಟ್ಟೆ ತುಂಬ ಬಡಿಸಿದಳು. ಆದರೂ ಜಂಬ ಬಿಟ್ಟೀತೇ? "ಇನ್ನೂ ಹನ್ನೊಂದು ಬಾಕಿ ಇದೆ, ಬಿಸಿನೆಸ್" ಎಂದು ಹೊರಟೆ. ಬಸ್ಸು ಹೊರಡುತ್ತಿದ್ದಂತೆ, ಏನು ಹೊಳೆಯಿತೋ, ಅವಳು ಕಳಿಸಿದ ಫೋಟೋವನ್ನೇ ಆನ್‌ಲೈನ್ ಅಂಗಡಿಯ ಬಾಗಿಲಿಗೆ ಏರಿಸಿಬಿಟ್ಟೆ.

ಮನೆಯ ಬೀಗ ತೆಗೆದು ಒಳಗೆ ಕಾಲಿಡುವಷ್ಟರಲ್ಲಿ ಫೋನು ಕೂಗಿತು. "ಚಿತ್ರದಲ್ಲಿ ಇಬ್ಬರು ವ್ಯಕ್ತಿಗಳು ಕಂಡುಬಂದಿದ್ದಾರೆ. ನಿಮ್ಮ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಲಾಗಿದೆ."

ಎರಡನೇ ವಾಕ್ಯ ನನಗೆ ಬೇಕಾಗಲಿಲ್ಲ. ಮೊದಲನೆಯದನ್ನು ಮತ್ತೆ ಮತ್ತೆ ಓದಿಕೊಂಡೆ. ಅಷ್ಟರಲ್ಲಿ ಅವಳ ಫೋನು.

"ಅಂಗಡಿ ಕಾಣಿಸ್ತಾನೇ ಇಲ್ವಲ್ರೀ?"

"ಮುಚ್ಚಿದ್ರು ಕಣೇ."

"ಹಾಗಾದ್ರೆ ಬಿಸಿನೆಸ್ಸೂ ಇಲ್ಲ, ನೆಪವೂ ಇಲ್ಲ. ಬಟ್ಟೆ ತುಂಬ್ಕೊಂಡು ನಾಳೆ ಬರ್ತೀರೋ ಇಲ್ವೋ?"

ಹಾಲಿನ ಗೋಡೆಯುದ್ದಕ್ಕೂ ನಿಂತಿದ್ದ ಹನ್ನೊಂದು ಜನ ಯಜಮಾನರೂ ಒಟ್ಟಿಗೆ ತಲೆಯಾಡಿಸಿದರು.